ಗ್ರಾಮಸಭೆ ಕಳೆದುಕೊಂಡ ಊರುಗಳು

2025ರ ಜುಲೈ 2ರಂದು ನಂದಿಬೆಟ್ಟದ ಮೇಲೆ ಸಭೆ ಸೇರಿದ ರಾಜ್ಯ ಸಚಿವ ಸಂಪುಟವು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಜಿಲ್ಲೆ ಎಂದು ಹೆಸರಿಡಲು ತೀರ್ಮಾನಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಯು ಬೆಂಗಳೂರು ದಕ್ಷಿಣವಾಗಿ ಮಾರ್ಪಟ್ಟಿತ್ತು. ಘಟ್ಟದ ಹಳ್ಳಿಗಳಿಗೆ ಇದು ದೂರದ ಸುದ್ದಿ. ಹೆಸರು ಬದಲಾದರೆ ಯಾರ ತೋಟಕ್ಕೂ ನಷ್ಟವಿಲ್ಲ, ಯಾವ ಹೊಳೆಯೂ ದಿಕ್ಕು ತಪ್ಪುವುದಿಲ್ಲ ಎಂದು ಅನ್ನಿಸುವುದು ಸಹಜ. 1986ರಲ್ಲಿ ಬೆಂಗಳೂರು ಜಿಲ್ಲೆ ಇಬ್ಭಾಗವಾದಾಗ ಆಡಳಿತದ ಕಾಗದದ ಮೇಲೆ ಮೂಡಿದ್ದ ‘ಗ್ರಾಮಾಂತರ’ ಎಂಬ ಪದವು ಸುಮಾರು ನಲವತ್ತು ವರ್ಷ ಬಾಳಿ, ಒಂದು ದಿನದ ತೀರ್ಮಾನದಲ್ಲಿ ಬೇಡವಾಯಿತು. ಬೆಂಗಳೂರೆಂಬ ಹೆಸರು ತಗುಲಿದರೆ ಹೂಡಿಕೆ ಬರುತ್ತದೆ, ಭೂಮಿಗೆ ಬೆಲೆ ಬರುತ್ತದೆ ಎಂಬ ಸಮರ್ಥನೆಯೂ ಕೇಳಿಬಂತು. ಮಾರುವವನಿಗೆ ಬೆಲೆ ಬರುತ್ತದೆ, ನಿಜ. ಉಳಲು ಬಯಸುವವನಿಗೆ ಆ ಬೆಲೆಯಿಂದ ಏನು ಬಂತು ಎಂಬುದನ್ನು ಯಾರೂ ಕೇಳಿದಂತೆ ಕಾಣಲಿಲ್ಲ.

ವಾಸ್ತವವಾಗಿ ಹೆಸರು ಹೋಗುವುದು ಎಲ್ಲಕ್ಕಿಂತ ಕೊನೆಗೆ. ಯಲಹಂಕ, ಹೆಬ್ಬಾಳ, ಜಕ್ಕೂರು, ಥಣಿಸಂದ್ರ, ಬ್ಯಾಟರಾಯನಪುರಗಳ ಕಡೆ ನಡೆದು ನೋಡಿದರೆ ಹೆಸರುಗಳೆಲ್ಲ ಇನ್ನೂ ಹಳ್ಳಿಯವೇ. ರವೀಂದ್ರನಾಥ ಠಾಗೂರರ ಹೆಸರು ಹೊತ್ತ ಆರ್.ಟಿ. ನಗರದ ನಡುವೆಯೂ ಮಠದಹಳ್ಳಿ ಎಂಬ ಹೆಸರು ಉಳಿದುಕೊಂಡಿದೆ. ಹೊಲ ಹೋಯಿತು, ಗೋಮಾಳ ಹೋಯಿತು, ಗುಂಡುತೋಪು ಹೋಯಿತು ಎಂದು ಅಲ್ಲಿನ ಹಿರಿಯರು ಹೇಳುವುದುಂಟು. ಇವುಗಳೊಂದಿಗೆ ಸದ್ದಿಲ್ಲದೆ ಹೋದದ್ದು ಇನ್ನೊಂದಿದೆ. ಊರು ಒಟ್ಟಾಗಿ ಕುಳಿತು ತನ್ನ ಕೆರೆಯ ಬಗ್ಗೆ, ತನ್ನ ನೆಲದ ಬಗ್ಗೆ ಬೇಕು ಅಥವಾ ಬೇಡ ಎನ್ನಬಹುದಾಗಿದ್ದ ಸಭೆ ಅದು. ಬೆಂಗಳೂರಿನ ನೀರಿನ ದಾಹ ಕೊಡಗನ್ನು ದಾಟಿ ಸಕಲೇಶಪುರ, ಸಾಗರಗಳತ್ತ ಕೈ ಚಾಚಿರುವ ಈ ಕಾಲದಲ್ಲಿ, ಆ ನಗರದ ಉತ್ತರದ ಅಂಚಿನ ಊರುಗಳು ತಮ್ಮ ಸಭೆಯನ್ನು ಕಳೆದುಕೊಂಡ ಬಗೆಯನ್ನು ಮಲೆನಾಡಿನವರು ತಿಳಿದುಕೊಳ್ಳುವುದು ಅಗತ್ಯ.

ಈ ಊರುಗಳು ಬೆಂಗಳೂರಿಗಿಂತ ಕಿರಿಯವೇನಲ್ಲ. ಬೆಂಗಳೂರು ಪೇಟೆಯನ್ನು ಕಟ್ಟಿಸಿದ ಕೆಂಪೇಗೌಡರು ಯಲಹಂಕ ನಾಡಪ್ರಭುಗಳ ಮನೆತನದವರು. ಯಲಹಂಕದ ಗೌಡರು ಕಟ್ಟಿದ ಪೇಟೆಯೇ ಮುಂದೆ ಯಲಹಂಕವನ್ನು ನುಂಗಿತು. ಹೆಬ್ಬಾಳದ ಹಳಮೆ ಇನ್ನೂ ಹಿಂದಕ್ಕೆ ಹೋಗುತ್ತದೆ. 2018ರಲ್ಲಿ ಅಲ್ಲಿ ದೊರೆತ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಬೆಂಗಳೂರು ಪ್ರದೇಶದಲ್ಲಿ ಈವರೆಗೆ ಕಂಡ ಕನ್ನಡ ಶಾಸನಗಳಲ್ಲಿ ಅದೇ ಹಳೆಯದು. ಪೆರ್ಬೊಳಲ್ ನಾಡಿನ ಮೇಲೆ ದಾಳಿಯಾದಾಗ ಹೋರಾಡಿ ಮಡಿದ ಕಿಟ್ಟಯ್ಯನೆಂಬವನ ನೆನಪಿಗೆ ನಿಲ್ಲಿಸಿದ ಕಲ್ಲದು. ಪೆರ್ಬೊಳಲ್ ಎಂಬುದೇ ಸವೆದು ಹೆಬ್ಬಾಳವಾಗಿದೆ. ಹನ್ನೆರಡು ಶತಮಾನಗಳಿಗೂ ಹಿಂದೆ ‘ನಾಡು’ ಎನ್ನಿಸಿಕೊಂಡಿದ್ದ ಸೀಮೆ ಇಂದು ಬಹುಪಾಲು ಜನರ ಮನಸ್ಸಿನಲ್ಲಿ ಒಂದು ಮೇಲುಸೇತುವೆಯ ಹೆಸರಾಗಿ ಮಾತ್ರ ಉಳಿದಿದೆ. ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿದ ಹೆಬ್ಬಾಳ ಅವರೆ ತಳಿಗಳನ್ನು ಬಿತ್ತುವ ರೈತರಿಗಾದರೂ ಅದು ಬೆಳೆಯ ಹೆಸರಾಗಿ ಉಳಿದಿರುವುದು ಸಮಾಧಾನ.

ಬಯಲುಸೀಮೆಯ ಈ ಭಾಗದಲ್ಲಿ ಹೊಳೆಯಿಲ್ಲ. ಇದ್ದದ್ದು ಮಳೆ ಮತ್ತು ಕೆರೆ. ಮಲೆನಾಡಿನ ವಿದ್ಯಾರ್ಥಿಗಳಿಗೆ ಇದರ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ಹಳ್ಳದ ಅಡ್ಡಕ್ಕೆ ಏರಿ ಹಾಕಿ ಒಂದು ಕೆರೆ. ಅದು ತುಂಬಿ ಕೋಡಿ ಬಿದ್ದರೆ ಕಾಲುವೆಯಲ್ಲಿ ಹರಿದು ಕೆಳಗಿನ ಊರಿನ ಕೆರೆ. ಅದೂ ತುಂಬಿದರೆ ಅದರ ಕೆಳಗಿನದು. ಯಲಹಂಕ, ಅಲ್ಲಾಳಸಂದ್ರಗಳ ಕಡೆಯ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ, ಅಲ್ಲಿಂದ ಕಲ್ಕೆರೆಯ ಕಡೆಗೆ ಇಳಿದು ಎಲೆಮಲ್ಲಪ್ಪಶೆಟ್ಟಿ ಕೆರೆಯ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು ನೀರುಗಂಟಿ. ಅವನಿಗೆ ಊರು ಕಣದಲ್ಲಿ ಧಾನ್ಯ ಅಳೆಯುತ್ತಿತ್ತು. ಬೇಸಿಗೆಯಲ್ಲಿ ಕೆರೆಯ ಗೋಡು ಹೊಲಗಳಿಗೆ ಹೋಗುತ್ತಿತ್ತು. ಹೂಳೆತ್ತಲು ಬೇರೆ ಯೋಜನೆ ಬೇಕಿರಲಿಲ್ಲ. ಈ ವ್ಯವಸ್ಥೆಯಲ್ಲಿ ಜಾತಿಯ ಕ್ರೌರ್ಯವೂ ಇತ್ತು. ನೀರುಗಂಟಿ, ತೋಟಿ, ತಳವಾರರ ದುಡಿಮೆಯ ಮೇಲೆ ನಿಂತಿದ್ದ ಕೆರೆಯ ನೀರು ಅವರ ಹೊಲಕ್ಕೆ ಸಿಗುತ್ತಿದ್ದುದು ಕಡಿಮೆ. ಹಳೆಯದನ್ನೆಲ್ಲ ಹೊಗಳುವ ಚಟಕ್ಕೆ ಬಿದ್ದವರು ಈ ಮಾತನ್ನು ಮರೆಯುತ್ತಾರೆ. ಆದರೂ ಮೇಲಿನ ಊರು ಕೋಡಿಗೆ ಅಡ್ಡ ಕಟ್ಟಿದರೆ ಕೆಳಗಿನ ಊರು ಬಂದು ಕೇಳಬಹುದಾಗಿತ್ತು, ಕೇಳಿದರೆ ಉತ್ತರಿಸಬೇಕಾದವರು ಯಾರೆಂಬುದು ಎಲ್ಲರಿಗೂ ತಿಳಿದಿತ್ತು.

ಸಮಾನತೆಯನ್ನೂ ಈ ಹೊಣೆಯನ್ನೂ ಒಂದೇ ಸಭೆಯಲ್ಲಿ ತರುವ ಪ್ರಯತ್ನ ಕರ್ನಾಟಕದಲ್ಲಿ ಬಹುಬೇಗ ಆರಂಭವಾಯಿತು. 1983ರ ಕಾಯ್ದೆಯು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ರೂಪ ಕೊಟ್ಟಿತು. 1987ರಲ್ಲಿ ಚುನಾವಣೆಗಳು ನಡೆದವು. ಅದರ ಹಿಂದಿದ್ದವರು ಅಂದಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನ್ನಿಸಿಕೊಂಡವರೂ ಅವರೇ. ಅವರು ಕೊಟ್ಟ ಎರಡು ಕೊಡುಗೆಗಳಲ್ಲಿ ಕೊಳವೆಬಾವಿಯನ್ನು ಬಯಲುಸೀಮೆ ಸಾವಿರಾರು ಅಡಿಗಳವರೆಗೆ ಬೆಳೆಸಿತು, ಪಂಚಾಯಿತಿಯನ್ನು ಅಷ್ಟು ಆಳಕ್ಕೆ ಇಳಿಸಲಿಲ್ಲ. ಮುಂದೆ ಸಂವಿಧಾನದ 73ನೇ ತಿದ್ದುಪಡಿ ಬಂದು, 1993ರ ಪಂಚಾಯತ್ ರಾಜ್ ಕಾಯ್ದೆ ಬಂದು, ಗ್ರಾಮಸಭೆ ಎಂಬುದು ಕಾನೂನಿನ ಪದವಾಯಿತು. ಸುಮಾರು 400 ಜನರಿಗೆ ಒಬ್ಬ ಸದಸ್ಯ. ಆರು ತಿಂಗಳಿಗೊಮ್ಮೆಯಾದರೂ ಮತದಾರರೆಲ್ಲರ ಸಭೆ. ಈ ಲೆಕ್ಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

2007ರ ಜನವರಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿತು. ಹಳೆಯ ನಗರದ 100 ವಾರ್ಡುಗಳೊಂದಿಗೆ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ ಸೇರಿದಂತೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳು ಒಂದೇ ಪಾಲಿಕೆಯಾದವು. ಅಂದಿನಿಂದ ಆ 110 ಹಳ್ಳಿಗಳಲ್ಲಿ ಗ್ರಾಮಸಭೆ ಇಲ್ಲ. ವಾರ್ಡುಗಳು 198 ಆದವು; 2011ರ ಜನಗಣತಿಯಲ್ಲಿ ಪಾಲಿಕೆಯ ಜನಸಂಖ್ಯೆ 84 ಲಕ್ಷ. ಅಂದರೆ ಸರಾಸರಿ 40,000ಕ್ಕೂ ಹೆಚ್ಚು ಜನರಿಗೆ ಒಬ್ಬ ಪ್ರತಿನಿಧಿ. ಆ ಪ್ರತಿನಿಧಿಯಾದರೂ ಸದಾ ಇದ್ದನೇ? ಮೊದಲ ಚುನಾವಣೆ ನಡೆದದ್ದು 2010ರಲ್ಲಿ. ಎರಡನೆಯದು 2015ರಲ್ಲಿ. 2020ರ ಸೆಪ್ಟೆಂಬರ್ 10ಕ್ಕೆ ಅವಧಿ ಮುಗಿದ ಮೇಲೆ ಪಾಲಿಕೆಯೇ ರದ್ದಾಗುವವರೆಗೆ ಚುನಾವಣೆ ನಡೆಯಲಿಲ್ಲ. ಪಾಲಿಕೆ ಬದುಕಿದ್ದ ಹದಿನೆಂಟು ವರ್ಷಗಳಲ್ಲಿ ಎಂಟಕ್ಕೂ ಹೆಚ್ಚು ವರ್ಷ ಅದನ್ನು ಆಳಿದವರು ಆಡಳಿತಾಧಿಕಾರಿಗಳು. ಮೂರು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು 74ನೇ ತಿದ್ದುಪಡಿ ಹೇಳಿತ್ತು. ಅವು ಕೆಲವೆಡೆ ತಿಂಗಳಿಗೊಮ್ಮೆ ಸೇರಿದವು, ಹಲವೆಡೆ ಕಾಗದದಲ್ಲೇ ಉಳಿದವು. ಸೇರಿದಲ್ಲಿಯೂ ಅವು ಸಮಿತಿಗಳೇ, ಸಭೆಗಳಲ್ಲ. ಮತದಾರರೆಲ್ಲ ಹಕ್ಕಿನಿಂದ ಕುಳಿತುಕೊಳ್ಳುವ ಜಾಗ ಅದಲ್ಲ.

ಹಳ್ಳಿಗಳಿಗೆ ಬದಲಾಗಿ ಸಿಕ್ಕಿದ್ದೇನು? ನಗರದ ತೆರಿಗೆ ತಕ್ಷಣ ಬಂತು. ಮನೆಗಳು ‘ಎ ಖಾತೆ’, ‘ಬಿ ಖಾತೆ’ ಎಂಬ ಎರಡು ಜಾತಿಗಳಾಗಿ ಒಡೆದವು. ಕಾವೇರಿ ನೀರು ಮಾತ್ರ ಬರಲಿಲ್ಲ. ಈ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಹದಿನೇಳು ವರ್ಷಗಳ ಕಾಲ ಬಹುಪಾಲು ಮನೆಗಳು ಕೊಳವೆಬಾವಿ ಮತ್ತು ಟ್ಯಾಂಕರ್ ನಂಬಿ ಬದುಕಿದವು. 2024ರ ಬೇಸಿಗೆಯಲ್ಲಿ ನಗರದ ಸುಮಾರು 13,900 ಸಾರ್ವಜನಿಕ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕೆರೆಯ ಏರಿಯ ಕೆಳಗೆ ಹುಟ್ಟಿ ಬೆಳೆದವರು ಟ್ಯಾಂಕರಿನ ಹಿಂದೆ ಬಿಂದಿಗೆ ಹಿಡಿದು ನಿಂತರು. ಗ್ರಾಮ ಪಂಚಾಯಿತಿಯ ಕಾಲದಲ್ಲಿ ನೀರಿನ ಮೋಟಾರು ಕೆಟ್ಟರೆ ಸದಸ್ಯನ ಮನೆಯ ಬಾಗಿಲು ತಟ್ಟಬಹುದಿತ್ತು. ನಗರದಲ್ಲಿ ದೂರು ದಾಖಲಿಸಿದರೆ ಒಂದು ಸಂಖ್ಯೆ ಸಿಗುತ್ತದೆ.

ಕೆರೆಗಳ ಗತಿಯನ್ನು ನೋಡಿದರೆ ಸಭೆ ಇಲ್ಲದಿರುವುದರ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. ಬೆಂಗಳೂರಿನ ಕೆರೆಗಳನ್ನು ಉಳಿಸಬೇಕೆಂದು ಲಕ್ಷ್ಮಣರಾವ್ ಸಮಿತಿ ಎಂಬತ್ತರ ದಶಕದಲ್ಲೇ ಶಿಫಾರಸು ಮಾಡಿತ್ತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ರಚನೆಯಾಯಿತು. ಆ ಪ್ರಾಧಿಕಾರ ಕೆಲವೇ ವರ್ಷಗಳಲ್ಲಿ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಡತೊಡಗಿತು. ಹೆಬ್ಬಾಳದ ಕೆರೆ ಒಂದು ಹೋಟೆಲ್ ಸಂಸ್ಥೆಗೆ, ನಾಗವಾರದ ಕೆರೆ ಒಂದು ಉದ್ಯಾನ ಸಂಸ್ಥೆಗೆ ಹೋಯಿತು. ದನಕ್ಕೆ ನೀರು ಕುಡಿಸುತ್ತಿದ್ದವರು, ಹುಲ್ಲು ಕೊಯ್ಯುತ್ತಿದ್ದವರು, ಬಲೆ ಬೀಸುತ್ತಿದ್ದವರು ಬೇಲಿಯ ಹೊರಗುಳಿದರು. 2008ರಲ್ಲಿ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಘಟನೆಯು ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೂಡಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. 2012ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಕೆರೆ, ರಾಜಕಾಲುವೆಗಳ ರಕ್ಷಣೆಗೆ ವಿಸ್ತಾರವಾದ ಆದೇಶ ನೀಡಿತು. ಹೋರಾಟಕ್ಕೆ ಜಯ ಸಿಕ್ಕಿತು. ಆದರೆ ಒಂದು ಊರಿನ ಕೆರೆಯನ್ನು ಗುತ್ತಿಗೆ ಕೊಡಬೇಕೇ ಬೇಡವೇ ಎಂಬ ಪ್ರಶ್ನೆ ನಾಲ್ಕು ವರ್ಷ ಹೈಕೋರ್ಟಿನಲ್ಲಿ ನಡೆಯಬೇಕಾಗಿ ಬಂದದ್ದೇ ವಿಪರ್ಯಾಸ.

ಜಕ್ಕೂರಿನ ಉದಾಹರಣೆ ಬೇರೆ ಬಗೆಯದು. ಸುಮಾರು 160 ಎಕರೆಯ ಆ ಕೆರೆಯ ಮೇಲ್ದಂಡೆಯಲ್ಲಿ ಕೊಳಚೆ ನೀರಿನ ಶುದ್ಧೀಕರಣ ಘಟಕವಿದೆ. ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಅದು ಆರಂಭವಾಯಿತು. ಶುದ್ಧೀಕರಿಸಿದ ನೀರು ಆಪುಹುಲ್ಲು ಬೆಳೆದ ಜೌಗಿನ ಮೂಲಕ ಹಾದು ಕೆರೆಗೆ ಇಳಿಯುತ್ತದೆ. ಆ ಗಿಡಗಳು ಉಳಿದ ಸಾರಜನಕ, ರಂಜಕಗಳನ್ನು ಹೀರುತ್ತವೆ. ಬೇಸಿಗೆಯಲ್ಲೂ ಕೆರೆ ತುಂಬಿರುವುದರಿಂದ ಸುತ್ತಲಿನ ತೆರೆದ ಬಾವಿಗಳಲ್ಲಿ ನೀರಿದೆ. ಊರಿನವರು ಮೀನು ಹಿಡಿಯುತ್ತಾರೆ. 2015ರಿಂದ ಜಲಪೋಷಣ್ ಎಂಬ ನಾಗರಿಕರ ಬಳಗ ಕೆರೆಯ ಉಸ್ತುವಾರಿಯಲ್ಲಿ ಕೈಜೋಡಿಸಿದೆ. ಯಾವ ಕಾಯ್ದೆಯೂ ಕಡ್ಡಾಯ ಮಾಡದ ಸಭೆಯನ್ನು ಅಲ್ಲಿನ ಜನ ತಾವೇ ಕಟ್ಟಿಕೊಂಡಿದ್ದಾರೆ. ಹೊಸ ಅಪಾರ್ಟ್‌ಮೆಂಟುಗಳ ನಿವಾಸಿಗಳೂ ಹಳೆಯ ಊರಿನ ಮೀನುಗಾರರೂ ಒಂದೇ ಏರಿಯ ಮೇಲೆ ಮಾತಾಡುವುದು ಬೆಂಗಳೂರಿನಲ್ಲಿ ಅಪರೂಪ. ನಡಿಗೆಗೆ ಬಂದವರಿಗೆ ಬೇಕಾದ ಕೆರೆಗೂ ಬಲೆ ಬೀಸುವವರಿಗೆ ಬೇಕಾದ ಕೆರೆಗೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಬೇಲಿ ಹಾಕದೆ ನಿಭಾಯಿಸುವುದೇ ಕಷ್ಟದ ಕೆಲಸ.

ಮಾತಾಡಿಕೊಳ್ಳದಿದ್ದರೆ ಆಗುವುದು ಯಲಹಂಕದಲ್ಲಿ ಕಾಣಿಸಿತು. 2021ರ ನವೆಂಬರ್‌ನಲ್ಲಿ, ಮತ್ತೆ 2024ರ ಅಕ್ಟೋಬರ್‌ನಲ್ಲಿ ಯಲಹಂಕ ಕೆರೆ ಉಕ್ಕಿ, ಕೇಂದ್ರೀಯ ವಿಹಾರ ಎಂಬ ವಸತಿ ಸಮುಚ್ಚಯ ಮುಳುಗಿತು. ನಿವಾಸಿಗಳನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಕೋಡಿಯ ನೀರು ತನ್ನ ಹಳೆಯ ದಾರಿಯಲ್ಲೇ ಹರಿದಿತ್ತು. ಕಾಲುವೆ ಆ ನೀರಿಗೆ ಸಾಲದಷ್ಟು ಕಿರಿದಾಗಿತ್ತು. ಇಷ್ಟಾದ ಮೇಲೂ 2025ರ ಆಗಸ್ಟ್‌ನಲ್ಲಿ ವಿಧಾನಮಂಡಲವು ಕೆರೆಗಳ ಸುತ್ತ ಬಿಡಬೇಕಾದ 30 ಮೀಟರ್ ರಕ್ಷಿತ ಅಂಚನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಕಡಿತಗೊಳಿಸುವ ಮಸೂದೆಯನ್ನು ಅಂಗೀಕರಿಸಿತು. ಚಿಕ್ಕ ಕೆರೆಗೆ ಚಿಕ್ಕ ಅಂಚು ಸಾಕು ಎಂಬ ತರ್ಕ ನಗರದ ನಿವೇಶನಗಳಿಗೆ ಒಪ್ಪಬಹುದು, ಒಂದರಿಂದೊಂದಕ್ಕೆ ಕೋಡಿ ಬೀಳುವ ಕೆರೆಗಳ ಸರಣಿಗೆ ಒಪ್ಪದು. ಮೇಲಿನ ಚಿಕ್ಕ ಕೆರೆಯೇ ಕೆಳಗಿನ ದೊಡ್ಡ ಕೆರೆಯ ಬಾಗಿಲು.

ಪರಿಸರವಾದಿಗಳಿಗೂ ಸುಲಭವಾಗಿ ಉತ್ತರ ಸಿಗದ ಒಂದು ಪ್ರಕರಣ ಯಲಹಂಕದ ಆಚೆ ಸಿಂಗನಾಯಕನಹಳ್ಳಿಯಲ್ಲಿ ನಡೆಯಿತು. ದಶಕಗಳಿಂದ ಒಣಗಿದ್ದ ಅಲ್ಲಿನ ಕೆರೆಯಂಗಳದಲ್ಲಿ ಮರಗಳು ಬೆಳೆದಿದ್ದವು. ಹೆಬ್ಬಾಳ–ನಾಗವಾರ ಕಣಿವೆಯ ಶುದ್ಧೀಕರಿಸಿದ ನೀರನ್ನು ತುಂಬಿಸಲು ಆ ಅಂಗಳದ 6,316 ಮರಗಳನ್ನು ಕಡಿಯಬೇಕೆಂದು 2022ರಲ್ಲಿ ಪ್ರಕಟಣೆ ಹೊರಟಿತು. ನಗರದ ಪರಿಸರಾಸಕ್ತರು ಕೆರಳಿದರು, ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಕಡಿತಕ್ಕೆ ತಡೆ ಹಾಕಿದರು. ಮರ ಉಳಿಸಬೇಕೆಂದವರದು ತಪ್ಪಲ್ಲ. ಕೆರೆ ಎಂದಮೇಲೆ ನೀರು ನಿಲ್ಲಬೇಕು ಎಂದವರದೂ ತಪ್ಪಲ್ಲ. ಎಷ್ಟು ಭಾಗಕ್ಕೆ ನೀರು, ಎಷ್ಟು ಭಾಗಕ್ಕೆ ಮರ, ಬರುವ ನೀರು ಎಷ್ಟು ಶುದ್ಧ, ಅದರಿಂದ ಯಾರ ಬಾವಿಗೆ ಒಳಿತು ಅಥವಾ ಕೆಡುಕು ಎಂಬುದನ್ನು ನಿಧಾನವಾಗಿ ಅಳೆದು ತೂಗಲು ಏರಿಯ ಕೆಳಗಿನ ಜನರ ಸಭೆಗಿಂತ ಉತ್ತಮ ಸ್ಥಳವಿಲ್ಲ. ಇಲಾಖೆಯ ಪ್ರಕಟಣೆ ಮತ್ತು ಮುಖ್ಯಮಂತ್ರಿಯ ತಡೆ, ಇವೆರಡರ ನಡುವೆ ಆ ಚರ್ಚೆಗೆ ಎಡೆಯೇ ಆಗಲಿಲ್ಲ.

ಗ್ರಾಮಸಭೆ ಇದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದೇನೂ ಅಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ ಇನ್ನೂ ಪಂಚಾಯಿತಿಗಳ ಸೀಮೆ. ಅಲ್ಲಿನ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳಲು ಸರ್ಕಾರ ಹೊರಟಾಗ ಬಳಸಿದ್ದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯನ್ನು. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯಡಿ ಆಗಿದ್ದರೆ ಸಾಮಾಜಿಕ ಪರಿಣಾಮಗಳ ಅಧ್ಯಯನ ನಡೆಯಬೇಕಿತ್ತು, ಹಳ್ಳಿಗಳ ಜೊತೆ ಸಮಾಲೋಚನೆ ಆಗಬೇಕಿತ್ತು. ರಾಜ್ಯದ ಹಳೆಯ ಕಾಯ್ದೆಗೆ ಅಂಥ ಕಟ್ಟುಪಾಡಿಲ್ಲ. ಪ್ರಾಥಮಿಕ ಅಧಿಸೂಚನೆ, ಅಂತಿಮ ಅಧಿಸೂಚನೆ, ಅಲ್ಲಿಗೆ ಮುಗಿಯಿತು. ಪೋಲನಹಳ್ಳಿ, ನಲ್ಲಪ್ಪನಹಳ್ಳಿ, ಮಟ್ಟಬಾರ್ಲು ಮೊದಲಾದ ಊರುಗಳ ರೈತರು 2022ರ ಏಪ್ರಿಲ್ 4ರಂದು ಧರಣಿ ಕುಳಿತರು. ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ ಬೆಳೆಯುವ, ಡೇರಿಗೆ ಹಾಲು ಹಾಕುವ ಕುಟುಂಬಗಳು ಅವು. ಹಾಲು ಕರೆದು ಧರಣಿಗೆ ಬಂದು, ಸಂಜೆ ಸೊಪ್ಪು ಕೊಯ್ಯಲು ಮರಳುವ ದಿನಚರಿ ಮೂರು ವರ್ಷಗಳನ್ನು ಮೀರಿ ನಡೆಯಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನು ಕೊಳ್ಳಲಾಗುವುದು ಎಂಬ ಮಾತನ್ನೂ ಸೇರಿಸಿದರು. ಈ ಎರಡನೆಯ ಮಾತಿನ ಮೇಲೆ ಕಣ್ಣಿಡಬೇಕಾದ ಅಗತ್ಯವಿದೆ. ಬಿಡಿಬಿಡಿಯಾಗಿ ಹೋಗುವ ಭೂಮಿಯೂ ಕೊನೆಗೆ ಒಟ್ಟಾಗಿ ಹೋದ ಭೂಮಿಯೇ.

ಆ ಹೋಬಳಿಯ ಜನ ಗೆದ್ದದ್ದು ಕಾನೂನು ಕೊಟ್ಟ ಸಭೆಯಿಂದಲ್ಲ, ತಾವೇ ಕೂಡಿಸಿಕೊಂಡ ಸಭೆಯಿಂದ. ಆದರೂ ಒಂದು ವ್ಯತ್ಯಾಸ ಗಮನಾರ್ಹ. 2003ರಲ್ಲಿ ಅರ್ಕಾವತಿ ಬಡಾವಣೆಗಾಗಿ ಜಕ್ಕೂರು, ಥಣಿಸಂದ್ರ, ಸಂಪಿಗೆಹಳ್ಳಿ ಸೇರಿದಂತೆ 16 ಹಳ್ಳಿಗಳ ಜಮೀನಿಗೆ ಅಧಿಸೂಚನೆ ಹೊರಟಾಗ ಹೋರಾಟ ಬಹುಮಟ್ಟಿಗೆ ನ್ಯಾಯಾಲಯದ ಮೊಕದ್ದಮೆಗಳಾಗಿ, ಯಾರ ಸರ್ವೆ ನಂಬರ್ ಕೈಬಿಟ್ಟಿತು ಎಂಬ ಲೆಕ್ಕವಾಗಿ ಒಡೆದುಹೋಯಿತು. ಚನ್ನರಾಯಪಟ್ಟಣದಲ್ಲಿ ಅದು ಊರಿನ ಪ್ರಶ್ನೆಯಾಗಿ ಉಳಿಯಿತು. ಊರು ಇನ್ನೂ ಊರಾಗಿಯೇ ಇತ್ತು ಎಂಬುದು ಅದಕ್ಕೊಂದು ಕಾರಣವಿರಬೇಕು.

ಇನ್ನು ನೀರಿನ ದಾರಿ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದ ಬಳಿ ಅಣೆಕಟ್ಟೆ ಕಟ್ಟಿ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಕೊಡಲಾಯಿತು. ಅದು ಸಾಲದಾದಾಗ 1933ರಲ್ಲಿ ಅದೇ ನದಿಗೆ ಕೆಳಗೆ ತಿಪ್ಪಗೊಂಡನಹಳ್ಳಿ. ಜಲಾನಯನವನ್ನು ಕಾಯಲಾಗದೆ ಎರಡೂ ಸೊರಗಿದವು. 1974ರಿಂದ ಕಾವೇರಿ, ನೂರು ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಎತ್ತರಕ್ಕೆ ಪಂಪು ಮಾಡಿ. ಹತ್ತಿರದ ನದಿಯನ್ನು ಕೆಡಿಸಿಕೊಂಡ ನಗರ ದೂರದ ನದಿಗೆ ಹೋಗುತ್ತದೆ, ಅಲ್ಲಿಂದ ಇನ್ನೂ ದೂರದ್ದಕ್ಕೆ. ಲಿಂಗನಮಕ್ಕಿಯಿಂದ ಶರಾವತಿಯ ನೀರನ್ನು ಬೆಂಗಳೂರಿಗೆ ತರುವ ಪ್ರಸ್ತಾಪ 2019ರಲ್ಲಿ ಮುಂದೆ ಬಂದಾಗ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಎತ್ತಿನಹೊಳೆಯ ಕಥೆ ಓದುಗರಿಗೆ ತಿಳಿದದ್ದೇ. 24.01 ಟಿಎಂಸಿ ನೀರು ಸಿಗುತ್ತದೆಂದು ಸರ್ಕಾರ, ಸುಮಾರು 9.5 ಟಿಎಂಸಿ ಮಾತ್ರ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ 2015ರ ಅಧ್ಯಯನ. 12,912 ಕೋಟಿ ರೂಪಾಯಿಯ ಅಂದಾಜು 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರ್ 6ರ ಗೌರಿ ಹಬ್ಬದ ದಿನ ಸಕಲೇಶಪುರ ತಾಲ್ಲೂಕಿನಲ್ಲಿ ಮೊದಲ ಹಂತದ ಪಂಪುಗಳಿಗೆ ಚಾಲನೆ ಸಿಕ್ಕಿತು.

ಆ ನೀರು ಹೋಗಬೇಕಾದ ಊರುಗಳಲ್ಲಿ ದೇವನಹಳ್ಳಿ, ದೊಡ್ಡಬಳ್ಳಾಪುರಗಳೂ ಸೇರಿವೆ. ಇಲ್ಲಿ ಮಲೆನಾಡಿನ ಚಳವಳಿಗಳು ಒಂದು ಸರಳೀಕರಣದಿಂದ ತಪ್ಪಿಸಿಕೊಳ್ಳಬೇಕು. ಘಟ್ಟದ ನೀರನ್ನು ಕೇಳುತ್ತಿರುವುದು ಕೇವಲ ಗಾಜಿನ ಕಟ್ಟಡಗಳಲ್ಲ. ಫ್ಲೋರೈಡ್ ತುಂಬಿದ ಕೊಳವೆಬಾವಿಯ ನೀರು ಕುಡಿದು ಬೇಸತ್ತ ಹಳ್ಳಿಗಳೂ ಹೌದು. ಅವರ ಬಾಯಾರಿಕೆ ಸುಳ್ಳಲ್ಲ. ಅವರ ಕೆರೆಗಳಿಗೆ ಈಗಾಗಲೇ ಬರುತ್ತಿರುವುದು ಬೆಂಗಳೂರಿನ ಕೊಳಚೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ದಿನಕ್ಕೆ 21 ಕೋಟಿ ಲೀಟರ್ ನೀರನ್ನು ಎರಡು ಹಂತದವರೆಗೆ ಮಾತ್ರ ಶುದ್ಧೀಕರಿಸಿ, ದೇವನಹಳ್ಳಿ, ಚಿಕ್ಕಬಳ್ಳಾಪುರ ಸೀಮೆಯ 65 ಕೆರೆಗಳಿಗೆ ಹರಿಸುವ ಉದ್ದೇಶ. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಅಲ್ಲಿನ ಜನ ಕೇಳುತ್ತಲೇ ಇದ್ದಾರೆ. ಎತ್ತಿನಹೊಳೆಯ ಜಲಾಶಯಕ್ಕೆ ಮುಳುಗಲಿದ್ದ ಊರುಗಳಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಲಕ್ಕೇನಹಳ್ಳಿ ಭಾಗದವೂ ಇದ್ದವು. ಅಲ್ಲಿನವರೂ ಬೇಡವೆಂದರು. ಕೊಡುವ ಕಡೆಯ ಹಳ್ಳಿಯೂ ಪಡೆಯುವ ಕಡೆಯ ಹಳ್ಳಿಯೂ ಒಂದೇ ಯೋಜನೆಯಿಂದ ನೆಲ ಕಳೆದುಕೊಳ್ಳುವುದಾದರೆ, ಅವರಿಬ್ಬರೂ ಎದುರಾಳಿಗಳೆಂದು ನಂಬಿಸಿದವರು ಯಾರು?

ಮಲೆನಾಡಿನಲ್ಲಿ ಗ್ರಾಮಸಭೆಗಳು ಇನ್ನೂ ಇವೆ. ಅವು ನಡೆಯುವ ಬಗೆ ಬೇರೆ ಮಾತು. ಕೋರಂ ಇಲ್ಲದೆ ಮುಂದೂಡಿದ ಸಭೆ, ಮನೆ ಮಂಜೂರಾತಿಯ ಪಟ್ಟಿ ಓದಿದೊಡನೆ ಖಾಲಿಯಾಗುವ ಸಭೆ, ಸಹಿ ಪುಸ್ತಕ ಮನೆಮನೆಗೆ ತಿರುಗಿ ಬಂದು ‘ನಡೆದ’ ಸಭೆ, ಎಲ್ಲವೂ ಇವೆ. ಮಾಧವ ಗಾಡ್ಗೀಳರ ಸಮಿತಿಯು 2011ರಲ್ಲಿ ತನ್ನ ಸಲಹೆಗಳನ್ನು ಗ್ರಾಮಸಭೆಗಳು ಚರ್ಚಿಸಿ ತೀರ್ಮಾನಿಸಬೇಕೆಂದು ಬಯಸಿತ್ತು. ಮುಂದೆ ಕಸ್ತೂರಿರಂಗನ್ ವರದಿಯ ಕಾಲಕ್ಕೆ ಅನೇಕ ಪಂಚಾಯಿತಿಗಳು ವರದಿಯ ಕನ್ನಡ ರೂಪವನ್ನು ಕಾಣದೆಯೇ ವಿರೋಧದ ನಿರ್ಣಯ ಬರೆದವು. ಪರವೋ ವಿರೋಧವೋ, ಅದು ಊರಿನ ಹಕ್ಕು. ಓದದೆ ಬರೆದದ್ದು ಮಾತ್ರ ಹಕ್ಕಿನ ದುಂದು. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 12 ಗ್ರಾಮಸಭೆಗಳು ಸೇರಿ, ಪ್ರತಿಯೊಂದೂ ಬಾಕ್ಸೈಟ್ ಗಣಿಗೆ ಬೇಡವೆಂದವು, ಗಣಿ ನಿಂತಿತು. ಅದಕ್ಕೆ ಆಧಾರವಾದದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಅದೇ ಕಾಯ್ದೆ ಸಕಲೇಶಪುರ, ಮೂಡಿಗೆರೆ, ಸಾಗರ, ಸಿರಸಿಗಳಲ್ಲೂ ಜಾರಿಯಲ್ಲಿದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲೂ ಸಮಿತಿ ಇರಬೇಕು, ದಾಖಲಾತಿ ಇರಬೇಕು. ಅದನ್ನು ತೆರೆದು ನೋಡಿದ ಕಾಲೇಜು ವಿದ್ಯಾರ್ಥಿಗಳು ಎಷ್ಟು ಮಂದಿ?

2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ಪಾಲಿಕೆಗಳು ಬಂದವು. ಯಲಹಂಕ, ಬ್ಯಾಟರಾಯನಪುರಗಳು ಬೆಂಗಳೂರು ಉತ್ತರ ಪಾಲಿಕೆಯಲ್ಲಿವೆ. ಪ್ರಾಧಿಕಾರದ ಕಾಯ್ದೆಯು ಮುಂದೆ ಇನ್ನಷ್ಟು ಪ್ರದೇಶಗಳನ್ನು ಸೇರಿಸಿಕೊಳ್ಳಲು ಅವಕಾಶ ಇಟ್ಟಿದೆ. ರಾಜಾನುಕುಂಟೆ, ಹೆಸರಘಟ್ಟ, ಬಾಗಲೂರು, ಬೆಟ್ಟಹಲಸೂರುಗಳ ಸರದಿ ಎಂದು ಎಂಬುದಷ್ಟೇ ಪ್ರಶ್ನೆ. ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಿತ ಮೀಸಲು ಪ್ರದೇಶವಾಗಿಸಲು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ಒಪ್ಪದೆ, 2024ರ ಅಕ್ಟೋಬರ್‌ನಲ್ಲಿ ಒಪ್ಪಿತು. 5,678 ಎಕರೆಯ ಆ ಬಯಲಿನ ಅಂಚಿನ ಊರುಗಳಲ್ಲಿ ಕುರಿ, ದನ ಮೇಯಿಸುವವರು ಇನ್ನೂ ಇದ್ದಾರೆ. ಮೀಸಲು ಪ್ರದೇಶದ ನಿರ್ವಹಣೆಯಲ್ಲಿ ಅವರ ಮಾತಿಗೆ ಸ್ಥಾನ ಸಿಗಬೇಕಾದರೆ ಆ ಪಂಚಾಯಿತಿಗಳು ನಗರಕ್ಕೆ ಸೇರುವ ಮೊದಲೇ ನಿರ್ಣಯ ಬರೆದು ದಾಖಲೆಗೆ ಸೇರಿಸುವುದು ವಿವೇಕ. ಮೇವಿನ ಹಕ್ಕು, ಕೆರೆಯ ಗಡಿ, ರಾಜಕಾಲುವೆಯ ಅಗಲ, ಗುಂಡುತೋಪಿನ ಸರ್ವೆ ನಂಬರ್ ಎಲ್ಲವನ್ನೂ ನಕಾಶೆಯೊಡನೆ ನಡಾವಳಿ ಪುಸ್ತಕದಲ್ಲಿ ಸೇರಿಸಿದ ಊರಿಗೆ ನಾಳೆ ನ್ಯಾಯಾಲಯದಲ್ಲಾದರೂ ತೋರಿಸಲು ಒಂದು ಕಾಗದವಿರುತ್ತದೆ.

ಘಟ್ಟದ ಕಡೆ ಮುಂದಿನ ಗ್ರಾಮಸಭೆಗಳಿಗೆ ಹೋಗುವ ವಿದ್ಯಾರ್ಥಿಗಳು ಎರಡು ಕೆಲಸ ಮಾಡಬಹುದು. ಎತ್ತಿನಹೊಳೆಯ ಅಣೆಗಳ ಕೆಳಗಿನ ಹಳ್ಳಗಳಲ್ಲಿ ಜನವರಿಯಿಂದ ಮೇವರೆಗೆ ಎಷ್ಟು ನೀರು ಹರಿಯುತ್ತದೆ ಎಂಬುದನ್ನು ವಾರಕ್ಕೊಮ್ಮೆ ಅಳೆದು, ಆ ಲೆಕ್ಕವನ್ನು ಸಭೆಯಲ್ಲಿ ಓದಿ ನಡಾವಳಿಗೆ ಸೇರಿಸುವುದು ಒಂದು. ಅದಕ್ಕೆ ಬೇಕಾದದ್ದು ಅಳತೆ ಕೋಲು, ತೇಲುವ ಒಂದು ಒಣ ಕಡ್ಡಿ ಮತ್ತು ಗಡಿಯಾರ. ಆ ನಡಾವಳಿಯ ಪ್ರತಿಯನ್ನು ದೇವನಹಳ್ಳಿ, ದೊಡ್ಡಬಳ್ಳಾಪುರ ತಾಲ್ಲೂಕುಗಳ ಪಂಚಾಯಿತಿಗಳಿಗೆ ಅಂಚೆಯಲ್ಲಿ ಕಳುಹಿಸಿ, ಅವರ ಕೆರೆಗಳ ಲೆಕ್ಕವನ್ನು ಕೇಳುವುದು ಇನ್ನೊಂದು.